ಪ್ರಾಚೀನ ಗ್ರೀಸ್ ಬೋಧನಾ ಪೆಟ್ಟಿಗೆ: ತರಗತಿಯಲ್ಲಿ ಐದು ವರ್ಷಗಳ ಬಳಕೆಯ ನಂತರ

ಎಂಟನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಬರುವ ಗ್ರೀಕ್ ನಾಗರಿಕತೆಯ ಪಾಠಕ್ಕೆಂದು ನಮ್ಮ ಶಾಲೆಯು ಈ ಪೆಟ್ಟಿಗೆಯನ್ನು ತರಿಸಿ ಐದು ವರ್ಷಗಳಾದವು. ಏಜಿಯನ್ ಸಮುದ್ರದ ಗೋಡೆ ನಕ್ಷೆ, 40 ಪಾತ್ರದ ಚೀಟಿಗಳು, ಮಡಕೆ ಚೂರುಗಳ ಪ್ರತಿಕೃತಿಗಳು, ರಟ್ಟಿನ ಒಂದು ಯಂತ್ರ ಮತ್ತು ಇಂಗ್ಲಿಷಿನ ಕೈಪಿಡಿ ಇದರಲ್ಲಿವೆ. ನಕ್ಷೆ ಸ್ಪಷ್ಟವಾಗಿದ್ದು ಇನ್ನೂ ಹರಿದಿಲ್ಲ.

ಪೆಟ್ಟಿಗೆಯ ಜೀವವಿರುವುದು ಯಂತ್ರದಲ್ಲಿ. ಅಥೆನ್ಸಿನವರು ನ್ಯಾಯಾಲಯದ ಪಂಚರನ್ನು ಆರಿಸಲು ಬಳಸುತ್ತಿದ್ದ ಕ್ಲೆರೊಟೀರಿಯನ್ ಎಂಬ ಕಲ್ಲಿನ ಸಾಧನದ ಮಾದರಿ ಅದು. ಸಾಲು ಸಾಲಾದ ಸೀಳುಗಳಲ್ಲಿ ಹೆಸರಿನ ಪಟ್ಟಿಗಳನ್ನು ಸಿಕ್ಕಿಸಿದ ಮೇಲೆ, ಪಕ್ಕದ ಕೊಳವೆಯಿಂದ ಬಿಳಿ ಗುಂಡು ಉರುಳಿದರೆ ಆ ಸಾಲಿನವರೆಲ್ಲ ಆಯ್ಕೆಯಾದಂತೆ, ಕಪ್ಪು ಗುಂಡು ಉರುಳಿದರೆ ಮನೆಗೆ ಹಿಂದಿರುಗಿದಂತೆ. ಅಥೆನ್ಸಿನ ಮುಖಂಡ ಕ್ಲೈಸ್ಥೆನೀಸನ ಸುಧಾರಣೆಯಿಂದ ಹುಟ್ಟಿದ 10 ಬಣಗಳಿಂದ ತಲಾ 50 ಮಂದಿ ಅದೃಷ್ಟದ ಚೀಟಿಯಿಂದ 500ರ ಸಭೆಗೆ ಬರುತ್ತಿದ್ದರೆಂದು ಕಪ್ಪುಹಲಗೆಯ ಮೇಲೆ ಎಷ್ಟು ಬರೆದರೂ ಮನಸ್ಸಿಗಿಳಿಯದ ಮಕ್ಕಳಿಗೆ, ಗುಂಡು ಉರುಳುವ ಸದ್ದಿನಲ್ಲಿ ಅದು ಒಂದೇ ಅವಧಿಯಲ್ಲಿ ಅರ್ಥವಾಗುತ್ತದೆ.

ಆದರೆ ಪಾತ್ರದ ಚೀಟಿಗಳು ನನ್ನನ್ನು ನಿರಾಶೆಗೊಳಿಸಿದವು. 40ರಲ್ಲಿ 31 ಚೀಟಿಗಳು ನಾಗರಿಕ ಪುರುಷರವು. ಹೀಗಾದರೆ ಅಥೆನ್ಸಿನಲ್ಲಿ ಬಹುತೇಕ ಎಲ್ಲರಿಗೂ ಮತವಿತ್ತೆಂದೇ ಮಕ್ಕಳು ನಂಬುತ್ತಾರೆ. ಎರಡನೆಯ ವರ್ಷ ನಾನೇ ಕನ್ನಡದಲ್ಲಿ ಹೊಸ ಚೀಟಿಗಳನ್ನು ಬರೆದೆ: ಆರು ಮಂದಿ ನಾಗರಿಕರು, ಉಳಿದವರು ಹೆಂಗಸರು, ಮಕ್ಕಳು, ಮೆಟಿಕ್ ಎನಿಸಿಕೊಂಡ ಪರಸ್ಥಳದ ನಿವಾಸಿಗಳು, ಮನೆಯ ಗುಲಾಮರು, ಲೌರಿಯನ್ ಬೆಳ್ಳಿ ಗಣಿಯಲ್ಲಿ ದುಡಿಯುವ ಗುಲಾಮರು. ತರಗತಿಯಲ್ಲಿ ಅಥೆನ್ಸಿನ ಅಣಕು ಸಭೆ ಆರಂಭವಾದಾಗ ಆರು ಮಂದಿ ಮಾತ್ರ ಎದ್ದು ಮುಂದೆ ಬಂದರು. ಉಳಿದವರು ಕುಳಿತೇ ಇದ್ದರು. “ಮಿಸ್, ನಾನು ಅಥೆನ್ಸಿನಲ್ಲೇ ಹುಟ್ಟಿದವಳಲ್ಲವೇ?” ಎಂದು ಒಬ್ಬ ಹುಡುಗಿ ಕೇಳಿದಳು. ಕ್ರಿ.ಪೂ. 451ರಲ್ಲಿ ಅಥೆನ್ಸಿನ ನಾಯಕ ಪೆರಿಕ್ಲೀಸ್ ತಂದ ಕಾನೂನಿನ ಪ್ರಕಾರ ಮಗ ನಾಗರಿಕನಾಗಲು ತಂದೆಯ ಜೊತೆಗೆ ತಾಯಿಯೂ ಅಥೆನ್ಸಿನವಳೇ ಆಗಿರಬೇಕಿತ್ತು. ಆದರೂ ಆ ತಾಯಿಗೆ ಮತವಿರಲಿಲ್ಲ ಎಂದು ಹೇಳಿದಾಗ ತರಗತಿಯಲ್ಲಿ ಎದ್ದ ಚರ್ಚೆಯನ್ನು ಗಂಟೆ ಹೊಡೆದರೂ ನಿಲ್ಲಿಸಲಾಗಲಿಲ್ಲ. ಇಂಥ ಚೀಟಿಗಳನ್ನು ಬರೆದುಕೊಳ್ಳಲು ಒಂದು ಭಾನುವಾರವನ್ನು ಕೊಡಬಲ್ಲ ಶಿಕ್ಷಕರಿಗೆ ಈ ಪೆಟ್ಟಿಗೆಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.

ಮಡಕೆ ಚೂರುಗಳ ಆಟದಲ್ಲಿ ಎಚ್ಚರ ಬೇಕು. ಅಥೆನ್ಸಿನ ಜನರು ಚೂರಿನ ಮೇಲೆ ಹೆಸರು ಗೀಚಿ ಒಬ್ಬನನ್ನು 10 ವರ್ಷ ಊರಿನಿಂದ ಹೊರಗಿಡುತ್ತಿದ್ದರು. ಅದಕ್ಕೆ ಆರೋಪವೂ ಬೇಕಿರಲಿಲ್ಲ, ವಿಚಾರಣೆಯೂ ಇರಲಿಲ್ಲ. ಸಹಪಾಠಿಗಳ ಹೆಸರನ್ನೇ ಬರೆಯಿಸಿ ಎನ್ನುತ್ತದೆ ಕೈಪಿಡಿ. ಮೊದಲ ವರ್ಷ ಹಾಗೆಯೇ ಮಾಡಿದೆ; ಹೆಚ್ಚು ಚೂರು ಬಿದ್ದ ಹುಡುಗ ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ. ಅದು ನನ್ನ ತಪ್ಪು. ಈಗ ಥೆಮಿಸ್ಟೊಕ್ಲೀಸ್, ಅರಿಸ್ಟೈಡೀಸ್ ಮುಂತಾದ ಚಾರಿತ್ರಿಕ ಹೆಸರುಗಳನ್ನಷ್ಟೇ ಬಳಸುತ್ತೇವೆ. ಅಥೆನ್ಸಿನ ಕೋಟೆಬೆಟ್ಟವಾದ ಅಕ್ರೊಪೊಲಿಸ್ಸಿನ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ ಥೆಮಿಸ್ಟೊಕ್ಲೀಸನ ಹೆಸರಿದ್ದ ಸುಮಾರು 190 ಚೂರುಗಳು ಸಿಕ್ಕಿದ್ದು, ಅವುಗಳನ್ನು ಬರೆದ ಕೈಗಳು ಕೆಲವೇ ಎಂದು ತಿಳಿಸಿದರೆ, ಮೊದಲೇ ಬರೆದಿಟ್ಟು ಹಂಚುತ್ತಿದ್ದರೇ ಎಂದು ಮಕ್ಕಳೇ ಊಹಿಸುತ್ತಾರೆ.

ಸ್ಪಾರ್ಟಾದ ಭಾಗ ತೀರ ದುರ್ಬಲ. ಗುರಾಣಿ, ಕೆಂಪು ಮೇಲಂಗಿ, ಏಳನೆಯ ವಯಸ್ಸಿಗೆ ಮನೆ ಬಿಟ್ಟು ತರಬೇತಿಗೆ ಹೋಗುವ ಬಾಲಕರು, ಥರ್ಮೊಪಿಲೆ ಕಣಿವೆಯಲ್ಲಿ ಪರ್ಷಿಯನ್ನರನ್ನು ತಡೆದು ನಿಂತ 300 ಯೋಧರು, ಇಷ್ಟೇ ಇದೆ. ಅದೇ ಕಣಿವೆಯಲ್ಲಿ ಕೊನೆಯವರೆಗೂ ನಿಂತ ಥೆಸ್ಪಿಯೆ ಎಂಬ ಗ್ರೀಕ್ ಊರಿನ 700 ಥೆಸ್ಪಿಯನ್ನರು ಎಲ್ಲಿಯೂ ಕಾಣುವುದಿಲ್ಲ. ಹೊಲ ಉತ್ತು ಸ್ಪಾರ್ಟಾವನ್ನು ಸಾಕಿದ ಜೀತದಾಳುಗಳಾದ ಹೆಲಟ್ಟರ ಬಗ್ಗೆ ಒಂದೇ ಸಾಲು ಇದೆ. ಪರ್ಷಿಯನ್ನರ ವಿರುದ್ಧದ ಪ್ಲಾಟಿಯಾ ಯುದ್ಧದಲ್ಲಿ ಒಬ್ಬೊಬ್ಬ ಸ್ಪಾರ್ಟನ್ನನ ಜೊತೆ ಏಳು ಹೆಲಟ್ಟರಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳಿರುವುದನ್ನು ನಾನು ಚಾರ್ಟಿನಲ್ಲಿ ಬರೆದು ಗುರಾಣಿಯ ಚಿತ್ರದ ಪಕ್ಕದಲ್ಲೇ ಅಂಟಿಸಿದ್ದೇನೆ.

ಯಂತ್ರದ ರಟ್ಟು ಮೂರನೆಯ ಮಳೆಗಾಲಕ್ಕೆ ಉಬ್ಬಿತು. ಊರಿನ ಬಡಗಿಯೊಬ್ಬರು ಅದೇ ಅಳತೆಯಲ್ಲಿ ಮರದ್ದನ್ನು ಮಾಡಿಕೊಟ್ಟರು. ಕಳೆದುಹೋದ ಗುಂಡುಗಳ ಜಾಗದಲ್ಲಿ ಬಣ್ಣ ಬಳಿದ ಮಣಿಗಳು ಉರುಳುತ್ತಿವೆ.