ಸೋಲಂಗ್, ಔಲಿ, ಗುಲ್ಮಾರ್ಗ್: ಮೂರೂ ಕಡೆ ಬಿದ್ದವನ ಲೆಕ್ಕ

ಬದಿಯಡ್ಕದ ಅಡಿಕೆ ಕೃಷಿಕನಿಗೆ ಸ್ಕೀಯಿಂಗ್ ಯಾಕೆ ಅಂತ ಮನೆಯವರೆಲ್ಲ ಕೇಳಿ ಆಗಿದೆ. ನನ್ನ ಉತ್ತರ ಒಂದೇ. ಸಣ್ಣವನಿದ್ದಾಗ ಅಡಿಕೆ ಹಾಳೆಯಲ್ಲಿ ಕೂತು ಮುಳಿಹುಲ್ಲಿನ ಗುಡ್ಡೆಯಿಂದ ಜಾರಿದವನಿಗೆ ಆ ರುಚಿ ಬಿಟ್ಟು ಹೋಗುವುದಿಲ್ಲ. ಹಾಳೆಗೆ ಬ್ರೇಕ್ ಇರಲಿಲ್ಲ. ಸ್ಕೀಗೆ ಇದೆ, ಆದರೆ ಅದು ನಮ್ಮ ಮೊಣಕಾಲಲ್ಲೇ ಇದೆ.

ಇಷ್ಟರವರೆಗೆ ನಾಲ್ಕು ಸಲ ಹೋಗಿದ್ದೇನೆ. ಹಿಮಾಚಲದ ಸೋಲಂಗ್‌ಗೆ ಒಮ್ಮೆ, ಉತ್ತರಾಖಂಡದ ಔಲಿಗೆ ಒಮ್ಮೆ, ಕಾಶ್ಮೀರದ ಗುಲ್ಮಾರ್ಗ್‌ಗೆ ಎರಡು ಸಲ. ಈಗ ಯಾರಾದರೂ "ಸ್ವಲ್ಪ ಕಷ್ಟದ ಜಾಗ ಯಾವುದು ಹೇಳು" ಅಂದರೆ ನಾನು ಮೊದಲು ಕೇಳುವುದು "ನಿಮಗೆ ರಜೆ ಯಾವಾಗ ಸಿಗ್ತದೆ" ಅಂತ. ಒಂದೇ ಇಳಿಜಾರು ಜನವರಿಯಲ್ಲಿ ಒಂದು ಥರ, ಮಾರ್ಚಿನಲ್ಲಿ ಇನ್ನೊಂದು ಥರ. ಇದು ನನಗೆ ಗೊತ್ತಾಗಲು ಒಂದು ಇಡೀ ಪ್ರವಾಸ ದಂಡವಾಯಿತು.

ಸೋಲಂಗ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಮನಾಲಿಯಿಂದ ಹದಿಮೂರು ಕಿಲೋಮೀಟರ್. ಸ್ಕೀ ಮಾಡುವವನಿಗಿಂತ ಫೋಟೋ ತೆಗೆಯುವವರೇ ಹೆಚ್ಚು. ನಾವು ತಿರುಗುವ ಜಾಗದಲ್ಲಿ ಟ್ಯೂಬಿನಲ್ಲಿ ಕೂತ ಮಕ್ಕಳು ಜಾರಿ ಬರುತ್ತಾರೆ. ಇಳಿಜಾರು ಸಣ್ಣದು, ಕಲಿಯಲಿಕ್ಕೆ ಸಾಕು, ಸವಾಲಿಗೆ ಸಾಲದು. ನಿಜಕ್ಕೂ ಕಲಿಯಬೇಕೆಂದಿದ್ದರೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯವರು ಚಳಿಗಾಲದಲ್ಲಿ ನಡೆಸುವ ಕೋರ್ಸಿಗೆ ಸೇರುವುದು ಒಳ್ಳೆಯದು. ನಾನು ಸೇರಲಿಲ್ಲ. ದಾರಿಬದಿಯ ಒಂದು ಅಂಗಡಿಯಿಂದ ಸ್ಕೀ ಬಾಡಿಗೆಗೆ ತಗೊಂಡೆ.

ಅಲ್ಲಿ ಆದ ಕಥೆ ಹೇಳಲೇಬೇಕು. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಕ್ಕೆಗೆ ಬೈಂಡಿಂಗ್ ಅನ್ನುತ್ತಾರೆ. ನಾವು ಬಿದ್ದಾಗ ಅದು ಟಪ್ ಅಂತ ಬಿಟ್ಟುಕೊಳ್ಳಬೇಕು. ಎಷ್ಟು ಬಲಕ್ಕೆ ಬಿಡಬೇಕು ಅನ್ನುವುದನ್ನು ನಮ್ಮ ತೂಕ, ಎತ್ತರ, ಕಲಿಕೆ ನೋಡಿ ಸ್ಕ್ರೂ ತಿರುಗಿಸಿ ಹೊಂದಿಸುತ್ತಾರೆ. ಅದರ ಮೇಲೆ ಸಣ್ಣ ಕಿಟಕಿಯಲ್ಲಿ ಅಂಕೆ ಕಾಣುತ್ತದೆ. ಆ ಅಂಗಡಿಯವನು ನನ್ನ ತೂಕ ಕೇಳಲೇ ಇಲ್ಲ. ಕಾಲು ತುರುಕಿಸಿ, ಬೆನ್ನು ತಟ್ಟಿ ಕಳಿಸಿದ. ಮೂರನೇ ಸಲ ಬಿದ್ದಾಗ ನಾನು ಒಂದು ಕಡೆ ತಿರುಗಿದೆ, ಸ್ಕೀ ತಿರುಗಲಿಲ್ಲ, ಕೊಕ್ಕೆ ಬಿಡಲೂ ಇಲ್ಲ. ಎಡ ಮೊಣಕಾಲು ಬಾತು ಎರಡು ವಾರ ತೋಟಕ್ಕೆ ಇಳಿಯಲಿಲ್ಲ. ಇವತ್ತಿಗೂ ನಾನು ಎಲ್ಲಿ ಹೋದರೂ ಮೊದಲು ಆ ಅಂಕೆ ನೋಡುತ್ತೇನೆ.

ಔಲಿಗೆ ಹೋದದ್ದು 2019ರ ಫೆಬ್ರವರಿಯಲ್ಲಿ, ಪೆರ್ಲದ ನನ್ನ ಬಾವನ ಜೊತೆ. ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೆ, ಅಲ್ಲಿಂದ ಹರಿದ್ವಾರ, ಆಮೇಲೆ ಒಂದು ಇಡೀ ದಿನ ಗುಡ್ಡೆಯ ರಸ್ತೆ. ಆಗ ಜೋಶಿಮಠದಿಂದ ಔಲಿಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ರೋಪ್‌ವೇ ಇತ್ತು. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ಅದನ್ನು ನಿಲ್ಲಿಸಿದರು. ಔಲಿಗೆ ಹೊರಡುವವರು ರಸ್ತೆಯನ್ನೇ ನಂಬಿಕೊಂಡು ಹೊರಡಬೇಕು. ಹಿಮ ಬಿದ್ದ ಮರುದಿನ ಆ ರಸ್ತೆಯೇ ಒಂದು ಪರೀಕ್ಷೆ.

ಗಢವಾಲ್ ಮಂಡಲ್ ವಿಕಾಸ್ ನಿಗಮದ ಏಳು ದಿನದ ಕೋರ್ಸ್ ಮಾಡಿದೆವು. ನನಗೆ ಸ್ಕೀ ಬಂತು ಅಂತಾದರೆ ಅದು ಅಲ್ಲಿಯೇ. ಇಳಿಜಾರು 2,500ರಿಂದ 3,050 ಮೀಟರ್ ಎತ್ತರದ ನಡುವೆ ಇದೆ. ಎದುರಿಗೆ 7,816 ಮೀಟರಿನ ನಂದಾದೇವಿ. ಬಿದ್ದಲ್ಲೇ ಮಲಗಿ ನೋಡಿದರೂ ನಷ್ಟವಿಲ್ಲ.

ಔಲಿಯ ಕಷ್ಟ ಬೆಳಿಗ್ಗೆ ಒಂಬತ್ತಕ್ಕೆ. ಹಿಂದಿನ ದಿನ ಬಿಸಿಲಿಗೆ ಕರಗಿದ ಹಿಮ ರಾತ್ರಿ ಗಟ್ಟಿಯಾಗಿ ಗಾಜಿನ ಹಾಗೆ ಆಗಿರುತ್ತದೆ. ಸ್ಕೀಯ ಅಂಚು ಕಚ್ಚದಿದ್ದರೆ ಕೆಳಗಿನವರೆಗೆ ನೇರ ಪ್ರಯಾಣ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ನಡೆದು ಅಭ್ಯಾಸ ಇರುವ ನಮಗೆ ಇದು ಬೇಗ ಅರ್ಥವಾಯಿತು. ಹಿಂದಕ್ಕೆ ವಾಲಿದರೆ ಬಿದ್ದೆ, ಹೆದರಿದರೆ ಬಿದ್ದೆ. ಭಾರ ಮುಂದಕ್ಕೆ ಹಾಕಬೇಕು. ಆದರೆ ನಾಲ್ಕನೇ ದಿನಕ್ಕೆ ಔಲಿಯ ಇಳಿಜಾರು ಬಾಯಿಪಾಠವಾಗುತ್ತದೆ. ಎಲ್ಲಿ ತಿರುವು, ಎಲ್ಲಿ ಉಬ್ಬು ಎಲ್ಲ ಗೊತ್ತು. ಬಾವ ಐದನೇ ದಿನ "ಇನ್ನು ಎಂತ ಉಂಟು ಇಲ್ಲಿ?" ಅಂತ ಕೇಳಿದ. ಅವನು ಹಾಗೆಯೇ, ಎರಡು ಸಲ ಬೀಳದೆ ಬಂದರೆ ಗುಡ್ಡೆಯೇ ಸಣ್ಣದು ಅನ್ನುತ್ತಾನೆ.

ಅದೇ ಮಾತು ನಮ್ಮನ್ನು ಗುಲ್ಮಾರ್ಗ್‌ಗೆ ತಂದದ್ದು. 2024ರ ಜನವರಿ ಎರಡನೇ ವಾರ. ಅತಿ ಹೆಚ್ಚು ಚಳಿ ಇರುವಾಗ ಅತಿ ಹೆಚ್ಚು ಹಿಮ ಇರುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಕ್ಕೆ ಚಿಲ್ಲೈ ಕಲಾನ್ ಅನ್ನುತ್ತಾರೆ. ನಮ್ಮ ಆಟಿ ತಿಂಗಳ ಹಾಗೆ, ಜನ ಮನೆಯೊಳಗೆ ಕೂತು ಒಣಗಿಸಿಟ್ಟ ತರಕಾರಿ ತಿಂದು ದಿನ ದೂಡುವ ಕಾಲ. ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್, ಕೊನೆಯ ಹತ್ತು ದಿನ ಚಿಲ್ಲೈ ಬಚ್ಚಾ. ನಾನು ಬುಕ್ ಮಾಡಿದ್ದು ಸರೀ ಕಲಾನ್‌ನ ನಡುವಿಗೆ.

ಹೋಗಿ ನೋಡಿದರೆ ಹುಲ್ಲು! ಕಂದು ಬಣ್ಣದ ಒಣ ಹುಲ್ಲು. ಆ ವರ್ಷ ಜನವರಿ ಕೊನೆಯವರೆಗೆ ಗುಲ್ಮಾರ್ಗ್‌ನಲ್ಲಿ ಹೇಳಿಕೊಳ್ಳುವ ಹಿಮವೇ ಬೀಳಲಿಲ್ಲ, ಪತ್ರಿಕೆಗಳಲ್ಲೆಲ್ಲ ಬಂದ ಸುದ್ದಿ. ಚಳಿ ಮಾತ್ರ ಸರಿಯಾಗಿಯೇ ಇತ್ತು. ನಾನು ತಂದ ತೆಂಗಿನೆಣ್ಣೆ ಬಾಟ್ಲಿಯಲ್ಲಿ ಕಲ್ಲಾಯಿತು. ಬಾವ ಹೇಳಿದ, "ಎಂತ ಬಾವ, ಹುಲ್ಲು ನೋಡ್ಲಿಕ್ಕೆ ಇಷ್ಟು ದೂರ ಬಂದದ್ದಾ? ಅದು ನಮ್ಮ ಪದವಿನಲ್ಲೇ ಇತ್ತಲ್ಲ."

ನಮ್ಮ ಗೈಡ್ ಕಾಂಗ್ಡಿ ಅನ್ನುವ ಕೆಂಡದ ಕುಡಿಕೆಯಲ್ಲಿ ಕೈ ಕಾಯಿಸಿಕೊಳ್ಳುತ್ತಾ ಹೇಳಿದ, "ಚಳಿ ಇದ್ದರೆ ಸಾಲದು ಸರ್, ಮೋಡ ಬರಬೇಕು." ವಿಷಯ ಅಷ್ಟೇ. ಅಲ್ಲಿ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತಗಳು. ನಮಗೆ ಮುಂಗಾರು ಹೇಗೋ ಅವರಿಗೆ ಅದು ಹಾಗೆ. ಮುಂಗಾರು ಕೆಲವು ವರ್ಷ ಜೂನ್ ಒಂದಕ್ಕೆ ಬರುತ್ತದೆ, ಕೆಲವು ವರ್ಷ ಸತಾಯಿಸುತ್ತದೆ. ಫೆಬ್ರವರಿ ಹೊತ್ತಿಗೆ ಅಂಥ ಮೂರು ನಾಲ್ಕು ಮಾರುತ ಬಂದು ಹೋಗಿರುವ ಸಾಧ್ಯತೆ ಹೆಚ್ಚು. ಕೆಳಗೆ ತಳ ಕಟ್ಟಿರುತ್ತದೆ, ಮೇಲೆ ಹೊಸ ಹಿಮ ಬಿದ್ದಿರುತ್ತದೆ. ಆದರೂ ಗ್ಯಾರಂಟಿ ಇಲ್ಲ. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಸ್ಪರ್ಧೆಗಳನ್ನೇ ಹಿಮ ಇಲ್ಲವೆಂದು ಮುಂದೂಡಿ, ಮಾರ್ಚ್ 9ರಿಂದ 12ರವರೆಗೆ ನಡೆಸಿದರು.

ನಾವು ಎರಡನೇ ಸಲ ಹೋದದ್ದು ಅದೇ 2025ರ ಮಾರ್ಚ್ ಮೊದಲ ವಾರ. ಈ ಸಲ ಟಿಕೆಟ್ ಮೊದಲೇ ಮಾಡಲಿಲ್ಲ. ಫೆಬ್ರವರಿ ಕೊನೆಗೆ ಹಿಮ ಸುರಿದ ಸುದ್ದಿ ಕೇಳಿದ ಮೇಲೆ ಮಂಗಳೂರಿನಿಂದ ವಿಮಾನ ಹತ್ತಿದೆವು. ಖರ್ಚು ಔಲಿಯ ದುಪ್ಪಟ್ಟಾಯಿತು, ಬೇಸರವಿಲ್ಲ.

ಗುಲ್ಮಾರ್ಗ್ ಊರು ಇರುವುದು ಸುಮಾರು 2,650 ಮೀಟರಿನಲ್ಲಿ. ಗೊಂಡೋಲಾ ಅಂದರೆ ಅಲ್ಲಿಯ ರೋಪ್‌ವೇ. ಅದರ ಮೊದಲ ಹಂತ ಕಾಂಗ್ಡೋರಿಗೆ, ಎರಡನೆಯದು ಅಫರ್ವಾಟ್ ಬೆಟ್ಟದ ಬೆನ್ನಿಗೆ, ಹತ್ತಿರ ಹತ್ತಿರ 3,950 ಮೀಟರ್. ಅಂದರೆ ಮೇಲಿನಿಂದ ಊರಿಗೆ ಬರುವಾಗ 1,300 ಮೀಟರ್ ಕೆಳಗೆ ಇಳಿದಿರುತ್ತೀರಿ. ಔಲಿಯಲ್ಲಿ ಯಂತ್ರ ಓಡಿಸಿ ಹಿಮವನ್ನು ಸಮ ಮಾಡಿದ್ದರು. ಇಲ್ಲಿ ಎರಡನೇ ಹಂತದಲ್ಲಿ ಬಿದ್ದ ಹಿಮ ಬಿದ್ದ ಹಾಗೆಯೇ ಇದೆ.

ಮೊದಲ ತಿರುವಿನಲ್ಲೇ ಔಲಿಯ ಪಾಠ ಕೈಕೊಟ್ಟಿತು. ಅಲ್ಲಿ ಭಾರ ಮುಂದಕ್ಕೆ, ಅಂಚು ಕಚ್ಚಿಸು. ಇಲ್ಲಿ ಮುಂದಕ್ಕೆ ಹಾಕಿದ ಕೂಡಲೇ ಸ್ಕೀಯ ಮೂತಿ ಹೂತು ಹೋಯಿತು, ನಾನು ಅದರ ಮೇಲಿಂದ ಹಾರಿ ಎದೆಮಟ್ಟ ಹಿಮದಲ್ಲಿ. ಬೈಂಡಿಂಗ್ ಈ ಸಲ ಚಂದದಲ್ಲಿ ಬಿಟ್ಟಿತು. ಬಿಟ್ಟ ಸ್ಕೀ ಎಲ್ಲಿ? ಬಾವಿಗೆ ಬಿದ್ದ ಕೊಡಪಾನಕ್ಕೆ ಪಾತಾಳಗರಡಿ ಹಾಕಿದ ಹಾಗೆ ಕೋಲು ಚುಚ್ಚಿ ಚುಚ್ಚಿ ಹುಡುಕಿದೆವು. ಹದಿನೈದು ನಿಮಿಷ. ಸಿಕ್ಕಿದ್ದು ನಾನು ಬಿದ್ದಲ್ಲಿಂದ ಮೂರು ಮಾರು ಮೇಲೆ. ಆ ಎತ್ತರದಲ್ಲಿ ಮೂರು ಮಾರು ಹತ್ತುವುದಕ್ಕೆ ನಾಲ್ಕು ಸಲ ನಿಲ್ಲಬೇಕು. ಅಡಿಕೆ ಮರ ಹತ್ತುವ ಬಾವನೂ ನಿಂತ.

ಇನ್ನೊಂದು ಕಷ್ಟ ಕಣ್ಣಿಗೆ ಕಾಣುವುದಿಲ್ಲ. 2023ರ ಫೆಬ್ರವರಿ 1ರಂದು ಅಫರ್ವಾಟ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸತ್ತರು. ಮರುವರ್ಷ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು. ಭಾರೀ ಮಳೆಯ ಮರುದಿನ ನಮ್ಮಲ್ಲಿ ಗುಡ್ಡೆ ಜರಿಯುತ್ತದಲ್ಲ, ಅದೇ ಕಥೆ. ಭಾರೀ ಹಿಮ ಬಿದ್ದು ಒಂದೆರಡು ದಿನ ತುಂಬ ಅಪಾಯ. ಹೊಸ ಹಿಮ ನೋಡಿ ಆಸೆ ಆಗುವುದೂ ಅದೇ ದಿನ. ಗೈಡ್ ಇಲ್ಲದೆ, ಬೀಕನ್ (ಹಿಮದಡಿ ಸಿಕ್ಕವರನ್ನು ಹುಡುಕಲು ಸಂಕೇತ ಕಳಿಸುವ ಯಂತ್ರ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಇಲ್ಲದೆ ಸ್ಕೀ ಗಸ್ತಿನವರು ಹಾಕಿದ ಗಡಿ ದಾಟಲೇಬಾರದು. ಗಾಳಿ ಇದ್ದರೆ, ಹಿಮ ಜಾಸ್ತಿ ಬಿದ್ದರೆ ಎರಡನೇ ಹಂತ ತೆರೆಯುವುದೇ ಇಲ್ಲ. ನಾವಿದ್ದ ಆರು ದಿನದಲ್ಲಿ ಮೂರು ದಿನ ತೆರೆಯಿತು. ಉಳಿದ ದಿನ ಕೆಳಗಿನ ಬಾಬಾ ರೇಶಿ ದರ್ಗಾದ ಕಡೆಗೆ ಕಾಡಿನ ನಡುವೆ ಇಳಿದೆವು. ನನಗೆ ಅದೇ ಹೆಚ್ಚು ಇಷ್ಟವಾಯಿತು ಅಂತ ಬಾವನಿಗೆ ಇನ್ನೂ ಹೇಳಿಲ್ಲ.

ಮಾರ್ಚಿನ ಒಂದು ತಕರಾರು: ಕೆಳಗಿನ ಇಳಿಜಾರು ಮಧ್ಯಾಹ್ನ ಎರಡಕ್ಕೆ ಗಂಜಿಯಾಗುತ್ತದೆ. ಬೆಳಿಗ್ಗೆ ಬೇಗ ಮೇಲೆ ಹೋಗಿ, ಊಟದ ಹೊತ್ತಿಗೆ ಮುಗಿಸಬೇಕು.

ನನ್ನನ್ನು ಕೇಳಿದರೆ, ಎರಡೂ ಕಡೆಗೆ ತಿರುಗಿ ಬೇಕಾದಲ್ಲಿ ನಿಲ್ಲಲು ಬಾರದವರು ಗುಲ್ಮಾರ್ಗಿನ ಎರಡನೇ ಹಂತಕ್ಕೆ ದುಡ್ಡು ಸುರಿಯಬೇಡಿ. ಫೆಬ್ರವರಿ ಮೊದಲ ಎರಡು ವಾರ ಔಲಿಗೆ ಹೋಗಿ. ಹಾಗೆ ತಿರುಗಿ ನಿಲ್ಲಲು ಬರುವವರು ಫೆಬ್ರವರಿ ಎರಡನೇ ಅರ್ಧದಿಂದ ಮಾರ್ಚ್ ಮೊದಲ ವಾರದೊಳಗೆ ಗುಲ್ಮಾರ್ಗ್‌ಗೆ, ಏಳು ದಿನ ಕೈಯಲ್ಲಿಟ್ಟುಕೊಂಡು. ಎರಡು ದಿನ ಗಾಳಿಗೆ ಹೋಗ್ತದೆ ಅಂತಲೇ ಲೆಕ್ಕ ಹಾಕಿ. ಸಮುದ್ರಮಟ್ಟದಿಂದ ಹೋಗುವ ನಾವು ಮೊದಲ ದಿನ ಸುಮ್ನೆ ಊರು ಸುತ್ತುವುದು ಒಳ್ಳೆಯದು.

ಮುಂದಿನ ವರ್ಷ ಫೆಬ್ರವರಿ ಕೊನೆಗೆ ಮತ್ತೆ ಹೊರಡುವ ಮಾತಾಗಿದೆ. ಕೊನೆಯ ಕೊಯ್ಲಿನ ಅಡಿಕೆ ಅಂಗಳದಲ್ಲಿ ಇರುತ್ತದೆ, ತೋಟಕ್ಕೆ ನೀರು ಬಿಡಲು ಜನ ಬೇಕು. ಬಾವ ನಿನ್ನೆ ಫೋನ್ ಮಾಡಿದ್ದ. ಅಡಿಕೆ ಸುಲಿಯುವವ ಅದೇ ವಾರ ಬರ್ತಾನಂತೆ. "ಅವನಿಗೆ ಮಾರ್ಚ್ ಅಂತ ಹೇಳಿದ್ದೇನೆ," ಅಂದ. "ನೀನು ಹಿಮದ ಸುದ್ದಿ ನೋಡ್ತಾ ಇರು."