ರಿಟರ್ನ್ ಆಫ್ ದ ಕಿಂಗ್: ಅಚ್ಚಾದ ಕ್ರಮವೋ, ತಾರೀಖಿನ ಕ್ರಮವೋ?

(ಕಥೆಯ ಗುಟ್ಟುಗಳಿವೆ. ಪುಸ್ತಕ ಓದದವರು ಇಲ್ಲೇ ನಿಲ್ಲಿ.)

ಟೋಲ್ಕೀನ್ ಅವರ ‘ಲಾರ್ಡ್ ಆಫ್ ದ ರಿಂಗ್ಸ್’ ತ್ರಿವಳಿಯ ಕೊನೆಯ ಸಂಪುಟ (1955) ಎರಡು ಭಾಗಗಳಲ್ಲಿದೆ, ಇಡೀ ಕೃತಿಯ ಎಣಿಕೆಯಲ್ಲಿ ಐದು ಮತ್ತು ಆರನೆಯವು. ಐದನೆಯ ಭಾಗದ 10 ಅಧ್ಯಾಯಗಳು ಪೂರ್ತಿ ಯುದ್ಧದ ಕಡೆಯವು. ಉಂಗುರ ಹೊತ್ತ ಫ್ರೋಡೋ, ಅವನ ಜೊತೆಗಾರ ಸ್ಯಾಮ್ ಅಲ್ಲಿ ಕಾಣಿಸುವುದೇ ಇಲ್ಲ. ಶತ್ರು ಸೌರಾನ್‌ನ ನಾಡಾದ ಮೊರ್ಡೋರ್‌ನಲ್ಲಿ ಅವರ ದಾರಿ ಆರನೆಯ ಭಾಗದ್ದು. ಆದರೆ ಎರಡೂ ನಡೆಯುವುದು ಮಾರ್ಚ್ 25ಕ್ಕೆ ಮುಗಿಯುವ ಅದೇ ದಿನಗಳಲ್ಲಿ. ಹಾಗಾಗಿ ಪುಸ್ತಕದ ಕೊನೆಯಲ್ಲಿರುವ ಅನುಬಂಧ ಬಿ-ಯ ಕಾಲಪಟ್ಟಿ ಹಿಡಿದು ಅಧ್ಯಾಯಗಳನ್ನು ಹೆಣೆದು ಓದಬಹುದು. ಎರಡೂ ಬಗೆಯಲ್ಲಿ ಓದಿ ನೋಡಿದ ಮೇಲೆ ನಮ್ಮ ಮಾತು ಇಷ್ಟು: ಮೊದಲ ಓದಿಗೆ ಅಚ್ಚಾದ ಕ್ರಮವನ್ನು ಮುಟ್ಟಬೇಡಿ.

ಹೆಣೆಯುವವರಿಗೆ ಸಲೀಸಾದ ಸಾಲು ಇದು: ಐದರ ಮೊದಲ 8 ಅಧ್ಯಾಯ, ಆರರ 1, ಐದರ 9, ಆರರ 2, ಐದರ 10, ಆರರ 3, ಅಲ್ಲಿಂದ ನೇರ. ತಾರೀಖು ಕರಾರುವಾಕ್ಕಾಗಿ ಬರಬೇಕೆಂದರೆ ಮುತ್ತಿಗೆಯ ಅಧ್ಯಾಯವನ್ನೇ (ಐದರ 4) ನಡುವೆ ಕತ್ತರಿಸಬೇಕು. ಅದು ಮಾರ್ಚ್ 10ರಿಂದ 15ರವರೆಗೆ ಹರಡಿದೆ, ಫ್ರೋಡೋ ಸೆರೆಯಿದ್ದ ಗೋಪುರವನ್ನು ಸ್ಯಾಮ್ ಹೊಗುವುದು 14ಕ್ಕೆ. ಹಾಗೆ ಕತ್ತರಿಸಿದರೆ ನಸುಕಿನಲ್ಲಿ ನೆರವಿಗೆ ಬಂದ ರೋಹನ್ ಸೈನ್ಯದ ಕಹಳೆ ಮೊಳಗುವ ಹೊತ್ತಿಗೆ ಕಟ್ಟಿಬಂದ ಬಿಗಿಯೆಲ್ಲ ಸಡಿಲವಾಗಿರುತ್ತದೆ.

ದೊಡ್ಡ ನಷ್ಟ ಇರುವುದು ಐದರ 10ರಲ್ಲಿ. ಕರಿಬಾಗಿಲ ಮುಂದೆ ಸೌರಾನ್‌ನ ದೂತ ಫ್ರೋಡೋನ ಮಿತ್ರಿಲ್ ಲೋಹದ ಅಂಗಿ ಎತ್ತಿ ತೋರಿಸುತ್ತಾನೆ. ಅಚ್ಚಾದ ಕ್ರಮದಲ್ಲಿ ಓದುಗನಿಗೆ ಗೊತ್ತಿರುವುದು ಫ್ರೋಡೋ ಸೆರೆಸಿಕ್ಕಿದ್ದಷ್ಟೇ, ಅಲ್ಲಿ ನಿಂತ ಅವನ ಗೆಳೆಯ ಪಿಪ್ಪಿನ್‌ನಂತೆ ಎದೆ ಧಸಕ್ಕೆನ್ನುತ್ತದೆ. ಹೆಣೆದು ಓದಿದವನಿಗೆ ಫ್ರೋಡೋ ತಪ್ಪಿಸಿಕೊಂಡದ್ದು ಆಗಲೇ ಗೊತ್ತು. ಆ ಅಂಗಿ ಬರೀ ಸುಳ್ಳಿನ ಸಾಕ್ಷಿ.

ಹೆಣಿಗೆಯ ಲಾಭವೂ ಸಣ್ಣದಲ್ಲ. ಮಾರ್ಚ್ 18ಕ್ಕೆ, ರಾಜನಾಗಲಿರುವ ಆರಗಾರ್ನ್‌ನ ಸೈನ್ಯ ಕರಿಬಾಗಿಲ ಕಡೆಗೆ ಹೊರಡುತ್ತದೆ. ಅದೇ ದಿನ ಫ್ರೋಡೋ, ಸ್ಯಾಮ್ ಓರ್ಕ್‌ಗಳ ದಂಡಿಗೆ ಸಿಕ್ಕಿಬೀಳುತ್ತಾರೆ. ಮುಂದೆ ಮೊರ್ಡೋರ್‌ನ ಗೊರ್ಗೊರೋತ್ ಬಯಲಿನ ಪಾಳೆಯಗಳು ಖಾಲಿಯಾಗಿದ್ದು ಯಾಕೆಂದು ಬೇರೆ ಹೇಳಬೇಕಿಲ್ಲ: ಸೌರಾನ್‌ನ ಕಣ್ಣು ಉತ್ತರಕ್ಕೆ ಹೊರಳಿದೆ.

ಎರಡನೆಯ ಓದಿಗೆ ನಾವು ಹೇಳುವುದು ಮೂರನೆಯ ದಾರಿ. ಅಚ್ಚಾದ ಕ್ರಮದಲ್ಲೇ ಓದಿ, ಅನುಬಂಧ ಬಿ-ಯಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಆರರ 1 ಶುರುವಾಗುತ್ತಲೇ ಟೋಲ್ಕೀನ್ ತಾವೇ ‘14ರ ಮಧ್ಯಾಹ್ನ’ ಎಂದು ಗುರುತು ಹಾಕಿ ಆರಗಾರ್ನ್, ಮೆರ್ರಿ, ಪಿಪ್ಪಿನ್ ಆ ಹೊತ್ತಿಗೆ ಎಲ್ಲಿದ್ದರೆಂದು ಹೇಳಿಬಿಡುತ್ತಾರೆ. ಐದನೆಯ ಭಾಗ ಓದಿದವರಿಗೇ ಆ ಸಾಲುಗಳ ತೂಕ ತಿಳಿಯುವುದು.

ಹಳೆಯ ಪ್ರತಿ ಕೊಳ್ಳುವವರು ಕೊನೆಯ ಪುಟಗಳನ್ನು ತಿರುವಿ ನೋಡಿ. 1968ರ ಒಂದೇ ಸಂಪುಟದ ಪೇಪರ್‌ಬ್ಯಾಕ್‌ನಲ್ಲಿ ಆರಗಾರ್ನ್–ಆರ್ವೆನ್ ಕಥೆ ಬಿಟ್ಟರೆ ಅನುಬಂಧಗಳಿಲ್ಲ, ಕಾಲಪಟ್ಟಿಯೂ ಇಲ್ಲ.