ಮಕ್ಕಳ ಕೊಠಡಿಗೆ ಮೂರು ನಕ್ಷತ್ರ, ವಾಯಿದೆಗೆ ಒಂದು

ಒಂದು ವರ್ಷದಿಂದ, ಈಗೀಗ ತಿಂಗಳ ಮೊದಲನೆಯ ಮತ್ತು ಮೂರನೆಯ ಶನಿವಾರ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಮೊಮ್ಮಗಳನ್ನು ಕರೆದುಕೊಂಡು ನಮ್ಮ ಜಿಲ್ಲಾ ಕೇಂದ್ರದ ಕೌಟುಂಬಿಕ ನ್ಯಾಯಾಲಯದ ಮಕ್ಕಳ ಕೊಠಡಿಗೆ ಹೋಗುತ್ತಿದ್ದೇನೆ. ಅಪ್ಪ ಅಮ್ಮ ಬೇರೆಯಾದ ಮಗು, ತನ್ನ ಜೊತೆಗಿರದ ಅಪ್ಪನನ್ನೋ ಅಮ್ಮನನ್ನೋ ಭೇಟಿಯಾಗುವ ಜಾಗ ಅದು. ಹೋಟೆಲಿಗೆ, ಆಸ್ಪತ್ರೆಗೆ, ಬಟ್ಟೆ ಅಂಗಡಿಗೆಲ್ಲ ಜನ ವಿಮರ್ಶೆ ಬರೆಯುತ್ತಾರೆ. ಇಂಥ ಕೊಠಡಿಯ ಬಗ್ಗೆ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಮೊದಲ ಸಲ ಹೋಗುವ ಹಿಂದಿನ ರಾತ್ರಿ, ಅಲ್ಲಿ ಏನಿರುತ್ತದೋ, ಮಗುವಿಗೆ ಏನೆಂದು ಹೇಳಿ ಕರೆದೊಯ್ಯಬೇಕೋ ತಿಳಿಯದೆ ನಿದ್ದೆಗೆಟ್ಟಿದ್ದೆ. ಹಾಗೆ ನಿದ್ದೆಗೆಡುವ ಇನ್ನೊಬ್ಬರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ, ಮಗುವಿನ ಗುರುತು ಯಾರಿಗೂ ಸಿಗಬಾರದು. ಮೊಮ್ಮಗಳನ್ನು ಪುಟ್ಟಿ ಎಂದಷ್ಟೇ ಕರೆಯುತ್ತೇನೆ.

ನಾನು ಮೂವತ್ತೊಂದು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು. ಮಕ್ಕಳ ಕೋಣೆ ಎಂದರೆ ನನ್ನ ಕಣ್ಣು ಮೊದಲು ನೆಲ ನೋಡುತ್ತದೆ, ಆಮೇಲೆ ಕಿಟಕಿಯ ಎತ್ತರ, ಆಮೇಲೆ ಶೌಚಾಲಯ. ಇಲ್ಲಿಯ ನೆಲ ಬರಿಯ ಗ್ರಾನೈಟು. ಹಾಸಲು ಒಂದೇ ಒಂದು ಜಮಖಾನ, ಅದರ ಮೇಲೆ ನಾಲ್ಕು ಕುಟುಂಬ ಕೂರಬೇಕು. ಗೋಡೆಗೆ ಆನೆ, ಜಿಂಕೆ, ರೈಲು ಬರೆಸಿದ್ದಾರೆ, ಚೆನ್ನಾಗಿಯೇ ಇವೆ. ಆಟದ ಸಾಮಾನು ಗಾಜಿನ ಬೀರುವಿನಲ್ಲಿವೆ. ಬೀರುವಿಗೆ ಬೀಗ, ಮೊದಮೊದಲು ಬೀಗದ ಕೈ ಅಟೆಂಡರ್ ಹತ್ತಿರ, ಅಟೆಂಡರ್ ಹೊರಗೆ. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತಿರುತ್ತಿದ್ದರು. ಶೌಚಾಲಯ ಶುಚಿಯಾಗಿದೆ, ಆದರೆ ಕೆಳಗಿನ ಮಹಡಿಯಲ್ಲಿ. ಕುಡಿಯುವ ನೀರು ಮನೆಯಿಂದ ಒಯ್ಯುವುದು ಒಳ್ಳೆಯದು.

ಕಿಟಕಿಯ ಮಾತು ಬೇರೆಯೇ ಹೇಳಬೇಕು. ಆ ಕಿಟಕಿ ನ್ಯಾಯಾಲಯದ ಅಂಗಳಕ್ಕೆ ತೆರೆಯುತ್ತದೆ. ಕ್ರಿಮಿನಲ್ ಮೊಕದ್ದಮೆಯ ಆರೋಪಿಗಳನ್ನು ತರುವ ಪೊಲೀಸ್ ವ್ಯಾನು ನಿಲ್ಲುವುದು ಸರಿಯಾಗಿ ಅದರ ಕೆಳಗೆ. ಎರಡನೆಯ ಭೇಟಿಯ ದಿನ ಕೈಗೆ ಬೇಡಿ ಹಾಕಿದ್ದ ಒಬ್ಬರನ್ನು ಇಳಿಸಿದರು. ಪುಟ್ಟಿ ತುಂಬ ಹೊತ್ತು ನೋಡಿ, "ಅಜ್ಜಿ, ನಾವೇನು ಮಾಡಿದ್ದೇವೆ?" ಎಂದಳು. ಅಷ್ಟು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಕೊಟ್ಟವಳಿಗೆ ಆ ದಿನ ಬಾಯಿ ಬರಲಿಲ್ಲ. ಮಕ್ಕಳಿಗೆಂದೇ ಒಂದು ಪ್ರತ್ಯೇಕ ಬಾಗಿಲು, ಹಿಂಬದಿಗೆ ತೆರೆಯುವ ಒಂದು ಕೋಣೆ ಬೇಕು. ಇದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ. ಹಿಂಬದಿಯ ಹಳೆಯ ಕಡತದ ಕೋಣೆಯನ್ನೂ ಇದನ್ನೂ ಅದಲುಬದಲು ಮಾಡಿದರೆ ಸಾಕು.

ಈಗ ವಾಯಿದೆಯ ವಿಷಯ, ಎಂದರೆ ವಿಚಾರಣೆ ಮುಂದಿನ ತಾರೀಖಿಗೆ ಹೋಗುವ ವಿಷಯ. ಮಗಳು ಅಳಿಯ ಬೇರೆಯಾದಾಗ ಪುಟ್ಟಿಗೆ ಮೂರೂವರೆ ವರ್ಷ. ಐದು ತಿಂಗಳ ಮೇಲೆ ಅಳಿಯ, ಮೊಕದ್ದಮೆ ಮುಗಿಯುವ ಮೊದಲೇ ಮಗುವನ್ನು ನೋಡಲು ಅವಕಾಶ ಕೊಡಿ ಎಂದು ಮಧ್ಯಂತರ ಅರ್ಜಿ ಹಾಕಿದರು. ಅದರ ಮೇಲೆ ಆದೇಶವಾಗಿ ಮೊದಲ ಭೇಟಿ ನಡೆದದ್ದು ಇನ್ನೂ ಎಂಟು ತಿಂಗಳ ಬಳಿಕ. ಒಮ್ಮೆ ನೋಟಿಸು ಜಾರಿಯಾಗಿರಲಿಲ್ಲ, ಒಮ್ಮೆ ನ್ಯಾಯಾಧೀಶರು ರಜೆ, ಆಮೇಲೆ ಅವರ ವರ್ಗಾವಣೆ, ಒಮ್ಮೆ ವಕೀಲರು ಬರಲಿಲ್ಲ. ತಕರಾರು ಸಲ್ಲಿಸಲು ನಮ್ಮ ಕಡೆಯಿಂದಲೂ ಎರಡು ಸಲ ಕಾಲಾವಕಾಶ ಕೇಳಿದೆವು. ಅಳಿಯನ ಮೇಲಿನ ಸಿಟ್ಟಿನಲ್ಲಿ ಅದಕ್ಕೆ ನಾನೂ ತಲೆಯಾಡಿಸಿದ್ದೆ. ಅಂಗನವಾಡಿಯಲ್ಲಿ ಮಗುವನ್ನು ತಿಂಗಳಿಗೊಮ್ಮೆ ತೂಗಿ ಪಟ್ಟಿಯಲ್ಲಿ ಚುಕ್ಕೆ ಇಡುತ್ತಿದ್ದವಳು ನಾನು. ಎರಡು ತಿಂಗಳು ಚುಕ್ಕೆ ತಪ್ಪಿದರೆ ಮೇಲ್ವಿಚಾರಕಿ ಕಾರಣ ಕೇಳುತ್ತಿದ್ದರು. ಇಲ್ಲಿ ಎಂಟು ತಿಂಗಳು ತಪ್ಪಿತು, ಕಾರಣ ಕೇಳುವ ಮೇಲ್ವಿಚಾರಕಿ ಯಾರೂ ಇರಲಿಲ್ಲ.

ಮೊದಲ ಭೇಟಿಯ ದಿನ ಅಳಿಯ ಒಂದು ಜೊತೆ ಚಪ್ಪಲಿ ತಂದಿದ್ದರು. ಕೆಂಪು ಬಣ್ಣ, ಮೇಲೆ ಚಿಟ್ಟೆ. ಹದಿಮೂರು ತಿಂಗಳ ಹಿಂದಿನ ಅಳತೆ ನೆನಪಿಟ್ಟುಕೊಂಡು ತಂದದ್ದು. ಪುಟ್ಟಿ ನನ್ನ ಸೆರಗು ಬಿಡದೆಯೇ ಒಂದು ಕಾಲು ಚಾಚಿದಳು. ಬೆರಳುಗಳೇನೋ ಪಟ್ಟಿಯೊಳಗೆ ಹೋದವು, ಹಿಮ್ಮಡಿ ಮಾತ್ರ ಪೂರ್ತಿ ಹೊರಗೇ ಉಳಿಯಿತು. ಅಳಿಯ ಹಿಮ್ಮಡಿಯನ್ನು ಹಿಡಿದುಕೊಂಡು ಹಾಗೆಯೇ ಕುಕ್ಕರಗಾಲಿನಲ್ಲಿ ಕುಳಿತಿದ್ದರು, ತಲೆ ಎತ್ತಲಿಲ್ಲ. ನಾನು ಮಗಳ ಕಡೆಯವಳು, ಇವತ್ತಿಗೂ ಮಗಳ ಕಡೆಯವಳೇ. ಆದರೂ ಆ ಹೊತ್ತಿನಲ್ಲಿ ನಾವು ಕೇಳಿ ಪಡೆದಿದ್ದ ಆ ಎರಡು ವಾಯಿದೆಗಳು ನೆನಪಾಗಿ ಎದೆ ಹಿಂಡಿತು.

ಕಾನೂನು ಹೀಗಿರಲಿ ಎಂದು ಹೇಳಿಲ್ಲ. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಿಂದ ಹಿಡಿದು 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯವರೆಗೆ ಎಲ್ಲೆಡೆ ಮಗುವಿನ ಹಿತವೇ ಮುಖ್ಯ. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಸುಪರ್ದಿಗೆ (ಅಪ್ಪ ಅಮ್ಮ ಇಬ್ಬರೂ ಮಗುವಿನ ಹೊಣೆ ಹೊರುವುದಕ್ಕೆ), ಭೇಟಿಯ ಏರ್ಪಾಡಿಗೆ ಮಾರ್ಗಸೂಚಿ ಬೇಕೆಂದು ಶಿಫಾರಸು ಮಾಡಿತು. ಸುಪರ್ದಿ ಸಿಗದ ತಂದೆ ಅಥವಾ ತಾಯಿಗೆ, ವಿಶೇಷ ಕಾರಣವಿಲ್ಲದಿದ್ದರೆ, ದಿನವೂ ಐದು-ಹತ್ತು ನಿಮಿಷ ಮಗುವಿನೊಂದಿಗೆ ಮಾತನಾಡುವ ಹಕ್ಕಿರಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ನಮಗೆ ತಿಳಿಸಿದವರು ಕಾನೂನು ಸೇವಾ ಪ್ರಾಧಿಕಾರ ಕೊಟ್ಟ ವಕೀಲೆ. (ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಕರೆ ಮಾಡಿ. ನಾವು ಮೊದಲ ಆರು ತಿಂಗಳು ಇದು ಗೊತ್ತಿಲ್ಲದೆ ಸಾಲ ಮಾಡಿ ಶುಲ್ಕ ಕಟ್ಟಿದೆವು.) ಅರ್ಜಿ ಬಾಕಿ ಇದ್ದ ಆ ಎಂಟು ತಿಂಗಳಲ್ಲಿ ಸಂಜೆ ಏಳಕ್ಕೆ ಹತ್ತು ನಿಮಿಷದ ವಿಡಿಯೊ ಕರೆಗಾದರೂ ಆದೇಶವಾಗಿದ್ದರೆ ಪುಟ್ಟಿ ಅಪ್ಪನ ಮುಖ ಮರೆಯುತ್ತಿರಲಿಲ್ಲ. ಕೆಲವು ಮನೆಗಳಲ್ಲಿ ಹೊಡೆಯುವ, ಹೆದರಿಸುವ ಅಪ್ಪಂದಿರು ಇರುತ್ತಾರೆ. ಅಲ್ಲಿ ಭೇಟಿ ಬೇಡವೆಂದೇ ಬೇಗ ತೀರ್ಮಾನವಾಗಲಿ. ಬೇಕೋ ಬೇಡವೋ ಏನನ್ನೂ ಹೇಳದೆ ಮಗುವನ್ನು ನೇತುಹಾಕುವುದು ಎರಡೂ ಕಡೆಗೆ ಅನ್ಯಾಯ. ಮಗುವಿನ ಭೇಟಿಯ ಅರ್ಜಿಯನ್ನು ಜೀವನಾಂಶ, ಒಡವೆ, ಮನೆ ಸಾಮಾನಿನ ಜಗಳದ ಕಟ್ಟಿನಿಂದ ಬಿಚ್ಚಿ ಪ್ರತ್ಯೇಕವಾಗಿ, ಎರಡು ವಾಯಿದೆಯೊಳಗೆ ಕೇಳಿ ಮುಗಿಸಬೇಕು. ನನ್ನ ಒತ್ತಾಯ ಇದೊಂದೇ.

ಆಪ್ತ ಸಮಾಲೋಚಕರು ಇದುವರೆಗೆ ಮೂವರು ಬದಲಾದರು. ಮೊದಲನೆಯವರು ಎಲ್ಲರ ಎದುರಿಗೇ ಪುಟ್ಟಿಯನ್ನು ನಿಲ್ಲಿಸಿ, "ಅಪ್ಪ ಬೇಕೋ ಅಮ್ಮ ಬೇಕೋ?" ಎಂದು ಕೇಳಿದರು. ಅವಳು ಉತ್ತರ ಕೊಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಲಂಗದ ಅಂಚು ಬಾಯಿಗೆ ಹಾಕಿಕೊಂಡು ಊರು ತಲುಪುವವರೆಗೂ ಜಗಿದಳು, ಹೊಲಿಗೆ ಬಿಟ್ಟುಹೋಗಿತ್ತು. ಎರಡನೆಯವರು ಬಂದರು, ಹೋದರು. ಪ್ರತಿ ಸಲವೂ ನಮ್ಮ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು, ಮಗು ಪಕ್ಕದಲ್ಲೇ ಕುಳಿತು ಕೇಳಬೇಕಾಯಿತು. ಒಂದು ಪ್ರಕರಣಕ್ಕೆ ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಸಮಾಲೋಚಕರು ಇರಲಿ. ಅದು ಆಗದಿದ್ದರೆ ಹಿಂದಿನವರ ಟಿಪ್ಪಣಿಯನ್ನಾದರೂ ಓದಿಕೊಂಡು ಬರಲಿ.

ಈಗಿರುವ ಮೇಡಂಗೆ ಐದಕ್ಕೆ ಐದು ಕೊಡುತ್ತೇನೆ. ಅವರು ಬಂದ ದಿನವೇ ಬೀರುವಿನ ಬೀಗದ ಕೈಯನ್ನು ತಮ್ಮ ಹತ್ತಿರ ಇಟ್ಟುಕೊಂಡರು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಇದ್ದ ಭೇಟಿಯಿಂದ ಶಾಲೆ ತಪ್ಪುತ್ತಿತ್ತು. ನ್ಯಾಯಾಧೀಶರಿಗೆ ವರದಿ ಕೊಟ್ಟು ಅದನ್ನು ಶನಿವಾರ ಮಧ್ಯಾಹ್ನಕ್ಕೆ ಬದಲಾಯಿಸಲು ಕಾರಣರಾದವರೂ ಅವರೇ. ಚಪ್ಪಲಿಯ ವಿಷಯ ನನ್ನಿಂದ ಕೇಳಿ ತಿಳಿದ ಮೇಲೆ ಒಂದು ಬಿಳಿ ಹಾಳೆ ತಂದು ನೆಲದ ಮೇಲಿಟ್ಟು, "ಪುಟ್ಟಿ, ಇದರ ಮೇಲೆ ನಿಲ್ಲಮ್ಮ" ಎಂದರು. ಪೆನ್ಸಿಲಿನಿಂದ ಎರಡೂ ಪಾದದ ಸುತ್ತ ಗೆರೆ ಎಳೆದು, ಮೂಲೆಯಲ್ಲಿ ತಾರೀಖು ಬರೆದು, ಮಡಚಿ ಅಳಿಯನ ಕೈಗೆ ಕೊಟ್ಟರು. ಮುಂದಿನ ಭೇಟಿಗೆ ಬಂದ ಚಪ್ಪಲಿ ಸರಿಯಾಗಿತ್ತು. ಈಗ ಮೂರು ತಿಂಗಳಿಗೊಮ್ಮೆ ಹೊಸ ಹಾಳೆಯ ಮೇಲೆ ಗೆರೆ ಎಳೆಯುತ್ತಾರೆ.

ಹೊಸ ನ್ಯಾಯಾಧೀಶರು ಒಮ್ಮೆ ಪುಟ್ಟಿಯನ್ನು ತಮ್ಮ ಕೊಠಡಿಗೆ ಕರೆಸಿಕೊಂಡು ಒಬ್ಬಳನ್ನೇ ಮಾತನಾಡಿಸಿದರು. ಹೊರಗೆ ಬಂದವಳನ್ನು ಏನು ಕೇಳಿದರೆಂದು ಮಗಳು ವಿಚಾರಿಸಿದಳು. "ಜಡೆ ಯಾರು ಹಾಕುತ್ತಾರೆ, ರಾತ್ರಿ ಕಥೆ ಯಾರು ಹೇಳುತ್ತಾರೆ, ಶಾಲೆಯಲ್ಲಿ ಯಾರ ಪಕ್ಕ ಕೂರುತ್ತೀಯಾ ಅಂತ" ಎಂದಳು. ಯಾರು ಬೇಕು ಎಂದು ಕೇಳಲೇ ಇಲ್ಲವಂತೆ. ಮಗುವನ್ನು ಬಲ್ಲವರು ಕೇಳುವುದು ಹೀಗೆಯೇ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಕಲಮನ್ನು ವಕೀಲೆ ನನಗೆ ಓದಿ ಹೇಳಿದರು. ವೈದ್ಯರನ್ನು, ಕುಟುಂಬದ ಹಿತಕ್ಕಾಗಿ ಕೆಲಸ ಮಾಡುವವರನ್ನು, ಸಾಧ್ಯವಾದರೆ ಮಹಿಳೆಯರನ್ನು, ನ್ಯಾಯಾಲಯ ತನ್ನ ನೆರವಿಗೆ ಕರೆದುಕೊಳ್ಳಬಹುದು. ಪ್ರತಿ ತಾಲ್ಲೂಕಿನಲ್ಲೂ ನನ್ನಂಥ ನಿವೃತ್ತ ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ, ಪ್ರಾಥಮಿಕ ಶಾಲೆಯ ಶಿಕ್ಷಕಿಯರಿದ್ದಾರೆ. ಭೇಟಿಯ ಎರಡು ಗಂಟೆ ಕೊಠಡಿಯಲ್ಲಿ ಕುಳಿತು ಮಕ್ಕಳನ್ನು ಗಮನಿಸಿ ಒಂದು ಪುಟ ಬರೆದುಕೊಡಿ ಎಂದರೆ ಸಂತೋಷದಿಂದ ಬರುತ್ತೇವೆ. ಈ ಬಗ್ಗೆ ಒಂದು ಮನವಿ ಬರೆದು ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡು ಬಂದಿದ್ದೇನೆ.

ಮೊದಲ ಸಲ ಹೋಗುವವರಿಗೆ ನಾಲ್ಕು ಮಾತು. ಅರ್ಧ ಗಂಟೆ ಮೊದಲೇ ಹೋಗಿ, ಆದರೆ ಪಡಸಾಲೆಯಲ್ಲಿ ಕಾಯಬೇಡಿ. ಅಲ್ಲಿ ಹೆಸರು ಕೂಗುವ ಸದ್ದಿಗೆ ಮಕ್ಕಳು ಬೆಚ್ಚುತ್ತಾರೆ. ಎದುರಿನ ಆಲದ ಮರದ ಕಟ್ಟೆ ವಾಸಿ. ಮಗುವಿಗೆ ಸುಳ್ಳು ಹೇಳಿ ಕರೆದೊಯ್ಯಬೇಡಿ. ಒಂದು ಚಾಪೆ ಒಯ್ಯಿರಿ. ಚೌಕಾಬಾರದ ಕವಡೆ ಜೇಬಿನಲ್ಲಿರಲಿ. ಎಷ್ಟೋ ಅಪ್ಪಂದಿರಿಗೆ ಮೊದಲ ಇಪ್ಪತ್ತು ನಿಮಿಷ ಮಗುವಿನ ಜೊತೆ ಏನು ಮಾತನಾಡಬೇಕೆಂದು ಹೊಳೆಯುವುದಿಲ್ಲ, ಕವಡೆ ಉರುಳಿದರೆ ಮಾತು ತಾನಾಗಿಯೇ ಬರುತ್ತದೆ.

ಕಳೆದ ಶನಿವಾರ ಮೇಡಂ ರಜೆಯಲ್ಲಿದ್ದರು. ಪುಟ್ಟಿ ತಾನೇ ಹೋಗಿ ಅಟೆಂಡರ್ ಹತ್ತಿರ ಹಾಳೆ ಕೇಳಿ ತಂದು, ನೆಲದ ಮೇಲೆ ಹಾಸಿ, ಅದರ ಮೇಲೆ ಎರಡೂ ಕಾಲಿಟ್ಟು ನಿಂತಳು. ಅಳಿಯ ಜೇಬಿನಿಂದ ಪೆನ್ನು ತೆಗೆದು ಗೆರೆ ಎಳೆದರು. ತಾರೀಖು ಬರೆಯುವುದನ್ನು ನಾನು ನೆನಪಿಸಿದೆ.